ಸಣ್ಣ ಎಸ್‌ಯುವಿಗೆ ಯಾವ ಹಿಚ್? ಮೊದಲು ಮೂಕಿ ಭಾರದ ಲೆಕ್ಕ

ಎರಡು ವರ್ಷದ ಹಿಂದಿನ ಬೇಸಗೆಯಲ್ಲಿ, ಇಲ್ಲೇ ಮಿಶಿಗನ್‌ನಲ್ಲಿ ನಮ್ಮ ಮನೆಗೆ ನಾಲ್ಕು ಬೀದಿ ಆಚೆ ಇರುವ ಗೆಳೆಯರೊಬ್ಬರು ತಮ್ಮ ಹೋಂಡಾ ಸಿಆರ್-ವಿ ಕಾರಿನ ಹಿಂಭಾಗವನ್ನು ತೋರಿಸಲು ಕರೆದರು. ಬಂಪರಿನ ಕೆಳಗೆ ಹೊಳೆಯುವ ಕಪ್ಪು ಕೊಳವೆಯ ಹಿಚ್, ಅಂದರೆ ಟ್ರೇಲರನ್ನೋ ಸೈಕಲ್ ಹೊರುವ ಚೌಕಟ್ಟನ್ನೋ ಕಾರಿಗೆ ಜೋಡಿಸುವ ಕಬ್ಬಿಣ; ಅದರ ಮೇಲೊಂದು ಚೀಟಿ. ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 5,000 ಪೌಂಡ್ ಎಂದು ಬರೆದಿತ್ತು. ಮಗಳನ್ನು ಕಾಲೇಜಿಗೆ ಬಿಡುವಾಗ ದೊಡ್ಡ ಟ್ರೇಲರ್ ಬಾಡಿಗೆಗೆ ತಂದು ಮಂಚ, ಮೇಜು, ಪುಸ್ತಕ ಎಲ್ಲವನ್ನೂ ಒಂದೇ ಸಲಕ್ಕೆ ಸಾಗಿಸುತ್ತೇನೆ ಎಂದು ಅವರು ಹುರುಪಿನಲ್ಲಿದ್ದರು. ನಾನು ಕಾರಿನ ಕೈಪಿಡಿ ತೆಗೆಸಿ ಪುಟ ತೋರಿಸಿದೆ. ಆ ಕಾರು ಎಳೆಯಬಹುದಾದದ್ದು 1,500 ಪೌಂಡ್, ಅಂದರೆ ಸುಮಾರು 680 ಕಿಲೋ. ಚೀಟಿಯಲ್ಲಿದ್ದ ಐದು ಸಾವಿರ ಆ ಕಬ್ಬಿಣದ ತಾಕತ್ತು, ಕಾರಿನದಲ್ಲ.

ಹಿಚ್ ಕೊಳ್ಳುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಅಂಗಡಿಯವರು ಸುಳ್ಳು ಹೇಳುವುದಿಲ್ಲ, ಆದರೆ ಕೇಳದಿದ್ದರೆ ನಿಜವನ್ನೂ ಹೇಳುವುದಿಲ್ಲ. ಕಾರು, ಹಿಚ್, ಅದರೊಳಗೆ ತೂರಿಸುವ ಕಬ್ಬಿಣದ ತೋಳು, ತೋಳಿನ ತುದಿಯ ಗುಂಡು, ಕೊನೆಗೆ ಟ್ರೇಲರ್ ಹೀಗೆ ಐದು ಕೊಂಡಿಗಳಿಗೂ ಒಂದೊಂದು ಮಿತಿ ಇರುತ್ತದೆ. ಐದರಲ್ಲಿ ಅತಿ ಚಿಕ್ಕದು ಯಾವುದೋ ಅದೇ ನಿಮ್ಮ ಮಿತಿ. ಸಣ್ಣ ಎಸ್‌ಯುವಿಗಳ ವಿಷಯದಲ್ಲಿ ಆ ಚಿಕ್ಕ ಸಂಖ್ಯೆ ಬಹುತೇಕ ಯಾವಾಗಲೂ ಕಾರಿನದೇ.

ಅಮೆರಿಕದಲ್ಲಿ ಮಾರುವ ಗಾಡಿಗಳ ಸಂಖ್ಯೆಗಳನ್ನು ಒಮ್ಮೆ ನೋಡಿ. ಪೆಟ್ರೋಲ್ ಸಿಆರ್-ವಿ 1,500 ಪೌಂಡ್. ಈಚಿನ ಹೈಬ್ರಿಡ್ ಸಿಆರ್-ವಿ 1,000 ಮಾತ್ರ. 2019ರಿಂದ ಬಂದ ಪೀಳಿಗೆಯ ಟೊಯೊಟಾ ರ‍್ಯಾವ್4ರಲ್ಲಿ ಸಾಮಾನ್ಯ ಪೆಟ್ರೋಲ್ ಗಾಡಿಗೆ 1,500, ಹೈಬ್ರಿಡ್‌ಗೆ 1,750, ಆದರೆ ಅಡ್ವೆಂಚರ್ ಎಂಬ ಮಾದರಿಗೆ 3,500. ಮಾಜ್ದಾ ಸಿಎಕ್ಸ್-5ಕ್ಕೆ 2,000. ಸುಬಾರು ಫಾರೆಸ್ಟರ್ ಸಾಮಾನ್ಯ ಮಾದರಿಗೆ 1,500, ಅದರದೇ ವೈಲ್ಡರ್‌ನೆಸ್ ಮಾದರಿಗೆ 2022–25ರಲ್ಲಿ 3,000. ಟೆಸ್ಲಾ ಮಾಡೆಲ್ ವೈ ಟೋ ಪ್ಯಾಕೇಜ್ (ಎಳೆಯಲೆಂದು ಕಂಪನಿಯೇ ಕೊಡುವ ಸೆಟ್ಟು) ಇದ್ದರೆ 3,500. ಹೊರಗಿನಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುವ ಎರಡು ರ‍್ಯಾವ್4ಗಳ ನಡುವೆ ಎರಡು ಸಾವಿರ ಪೌಂಡ್ ಅಂತರ ಇರುವುದನ್ನು ಗಮನಿಸಿ. ಆದ್ದರಿಂದ "ಪಕ್ಕದ ಮನೆಯವರ ರ‍್ಯಾವ್4 ಎಳೆಯುತ್ತದೆ, ನನ್ನದೂ ಎಳೆಯುತ್ತದೆ" ಎನ್ನುವ ವಾದ ನಿಲ್ಲುವುದಿಲ್ಲ. ನಿಮ್ಮ ವರ್ಷ, ನಿಮ್ಮ ಮಾದರಿ, ನಿಮ್ಮ ಕೈಪಿಡಿ. ಇನ್ನು ಹೋಂಡಾ ಎಚ್‌ಆರ್-ವಿಯಂಥ ಗಾಡಿಗಳಿಗೆ ಇಲ್ಲಿ ಕಂಪನಿಯೇ ಟ್ರೇಲರ್ ಎಳೆಯಬೇಡಿ ಎನ್ನುತ್ತದೆ. ಅದಕ್ಕೂ ಹಿಚ್ ಸಿಗುತ್ತದೆ, ಆದರೆ ಅದು ಸೈಕಲ್ ಹೊರುವುದಕ್ಕೆ ಮಾತ್ರ ಎಂದು ತಿಳಿಯಬೇಕು.

ಜರ್ಮನಿಯಲ್ಲಿರುವ ನನ್ನ ಭಾವಮೈದುನ ಈ ಸಂಖ್ಯೆಗಳನ್ನು ಕೇಳಿ ನಗುತ್ತಾನೆ. ಅಲ್ಲಿ 2019ರಿಂದ ಬಂದ ಅದೇ ಪೀಳಿಗೆಯ, ನಾಲ್ಕು ಚಕ್ರ ಚಾಲನೆಯ ರ‍್ಯಾವ್4 ಹೈಬ್ರಿಡ್ ಬ್ರೇಕ್ ಇರುವ ಟ್ರೇಲರನ್ನು 1,650 ಕಿಲೋ ತನಕ ಎಳೆಯಬಹುದು; ಇಲ್ಲಿ ಅದೇ ಗಾಡಿಗೆ ಸುಮಾರು 790 ಕಿಲೋ. ಮೋಸವೇನಲ್ಲ. ಅಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್ ಮಿತಿ, 750 ಕಿಲೋ ದಾಟಿದ ಟ್ರೇಲರಿಗೆ ಬ್ರೇಕ್ ಕಡ್ಡಾಯ, ಕಾರಿನ ಮೇಲೆ ಒರಗುವ ಭಾರವೂ ಕಡಿಮೆ. ಇಲ್ಲಿ ಜನ ಬ್ರೇಕಿಲ್ಲದ ಟ್ರೇಲರ್ ಕಟ್ಟಿಕೊಂಡು ಎಪ್ಪತ್ತು ಮೈಲಿ ವೇಗದಲ್ಲಿ ಹೋಗುತ್ತಾರೆ. ಯುರೋಪಿನ ಸಂಖ್ಯೆ ನೋಡಿ ಇಲ್ಲಿ ಧೈರ್ಯ ಮಾಡಬೇಡಿ.

ಎತ್ತಿನ ಗಾಡಿ ಕಲಿಸಿದ ಪಾಠ

ಒಟ್ಟು ತೂಕಕ್ಕಿಂತ ಮುಖ್ಯವಾದ ಇನ್ನೊಂದು ಸಂಖ್ಯೆ ಇದೆ. ಟ್ರೇಲರಿನ ಮೂತಿ ಕಾರಿನ ಗುಂಡಿನ ಮೇಲೆ ಎಷ್ಟು ಭಾರ ಊರುತ್ತದೆ ಎಂಬುದು. ಇಲ್ಲಿಯವರು ಟಂಗ್ ವೇಟ್ ಎನ್ನುತ್ತಾರೆ. ನಾನು ಮನಸ್ಸಿನಲ್ಲಿ ಅದನ್ನು ಮೂಕಿ ಭಾರ ಎಂದೇ ಕರೆದುಕೊಳ್ಳುತ್ತೇನೆ. ಮೂಕಿ ಎಂದರೆ ಎತ್ತಿನ ಗಾಡಿಯ ಮುಂದೆ ಚಾಚಿ ನೊಗಕ್ಕೆ ಸೇರುವ ಮರ. ಎತ್ತಿನ ಗಾಡಿಗೆ ಮೂಟೆ ಹೇರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮೂಟೆಗಳೆಲ್ಲ ಮುಂದಾದರೆ ನೊಗ ಎತ್ತಿನ ಹೆಗಲನ್ನು ತಿನ್ನುತ್ತದೆ. ಹಿಂದಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಿನ ಹಗ್ಗ ಬಿಗಿಯುತ್ತದೆ. ನಮ್ಮ ಅಜ್ಜ ಹೇರಿ ಮುಗಿದ ಮೇಲೆ ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡಿ, ಒಂದೆರಡು ಮೂಟೆ ಹಿಂದಕ್ಕೋ ಮುಂದಕ್ಕೋ ಸರಿಸುತ್ತಿದ್ದರು. ಅವರ ಕೈಯೇ ತಕ್ಕಡಿ.

ಕಾರಿಗೂ ಅದೇ ನ್ಯಾಯ. ಅಮೆರಿಕದ ರೂಢಿಯಲ್ಲಿ ತುಂಬಿದ ಟ್ರೇಲರಿನ ತೂಕದ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲಿರಬೇಕು. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಹಾವಿನ ಬಾಲದಂತೆ ಎಡಬಲಕ್ಕೆ ಬೀಸತೊಡಗುತ್ತದೆ; ವೇಗ ಹೆಚ್ಚಿದಷ್ಟೂ ಬೀಸು ಹೆಚ್ಚು, ಕೊನೆಗೆ ಕಾರನ್ನೇ ತಿರುಗಿಸುತ್ತದೆ. ಅತಿಯಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳು ಹಗುರಾಗುತ್ತವೆ. ಸ್ಟಿಯರಿಂಗ್ ಸಡಿಲ, ಬ್ರೇಕ್ ಮಂದ, ರಾತ್ರಿಯಲ್ಲಿ ಎದುರಿನವರ ಕಣ್ಣಿಗೆ ನಿಮ್ಮ ದೀಪ. 1,500 ಪೌಂಡ್ ಎಳೆಯುವ ಕಾರಿಗೆ ಈ ಮೂಕಿ ಭಾರದ ಮಿತಿ ಸಾಮಾನ್ಯವಾಗಿ 150 ಪೌಂಡ್; 3,500 ಎಳೆಯುವುದಕ್ಕೆ 350.

ಈಗ ತಮಾಷೆ ನೋಡಿ. ನಾವು ಹೆಚ್ಚಿನವರು ಹಿಚ್ ಹಾಕಿಸುವುದು ಟ್ರೇಲರ್ ಎಳೆಯಲು ಅಲ್ಲ, ಸೈಕಲ್ ಹೊರಲು. ಸೈಕಲ್ ರ‍್ಯಾಕಿಗೆ ಚಕ್ರವಿಲ್ಲ, ಆದ್ದರಿಂದ ಅದರ ಪೂರ್ತಿ ತೂಕ ಮೂಕಿ ಭಾರವೇ. ಎರಡು ಸೈಕಲ್ಲಿನ ಒಳ್ಳೆಯ ತಟ್ಟೆ ರ‍್ಯಾಕ್, ಅಂದರೆ ಸೈಕಲ್ಲಿನ ಚಕ್ರಗಳನ್ನು ಕೆಳಗಿನಿಂದ ಹಿಡಿಯುವ ಬಗೆಯದು, ತಾನೇ 50–60 ಪೌಂಡ್ ತೂಗುತ್ತದೆ. ಅದರ ಮೇಲೆ ಸಾದಾ ಸೈಕಲ್ಲು ಎರಡು, ತಲಾ 30 ಎಂದರೆ ಒಟ್ಟು 120. ಸಿಆರ್-ವಿಗೆ ಸರಿಹೋಯಿತು. ಅದೇ ಜಾಗದಲ್ಲಿ ಬ್ಯಾಟರಿ ಸೈಕಲ್ ಎರಡು ಇಡಿ, ತಲಾ 65: ಒಟ್ಟು 190. ಮಿತಿ ದಾಟಿತು. ಹಳ್ಳ ಬಂದಾಗ ಆ ಭಾರ ಕುಣಿಯುವುದನ್ನು ನಾನು ಲೆಕ್ಕಕ್ಕೆ ಹಿಡಿದೇ ಇಲ್ಲ. ಟ್ರೇಲರಿನ ಮೂತಿ ಗುಂಡಿನ ಮೇಲೆ ನೇರ ಕೂರುತ್ತದೆ. ಸೈಕಲ್ಲಾದರೆ ಎರಡು ಮೂರು ಅಡಿ ಹಿಂದೆ ಜೋತು ಹಿಚ್ಚನ್ನು ಮುರಿಯುವಂತೆ ತಿರುಚುತ್ತದೆ. ಐದು ಸಾವಿರದ ಹಿಚ್ ಇದೆ ಎಂದು ನಾಲ್ಕು ಸೈಕಲ್ ರ‍್ಯಾಕ್ ತಂದು ತುಂಬಿದವರನ್ನು ಕನ್ನಡ ಕೂಟದ ಪಿಕ್ನಿಕ್ಕಿನಲ್ಲೇ ಕಂಡಿದ್ದೇನೆ. ಕಾರಿನ ಹಿಂಭಾಗ ಮೊಣಕಾಲೂರಿದ ಒಂಟೆಯಂತೆ ಕಾಣುತ್ತಿತ್ತು.

ಇಷ್ಟೇ ಸಾಲದು, ಚಾಲಕನ ಬಾಗಿಲಿನ ಕಂಬದ ಮೇಲೊಂದು ಚೀಟಿ ಇರುತ್ತದೆ. ಟೈರಿನ ಗಾಳಿಯ ಪ್ರಮಾಣದ ಜೊತೆಗೆ, ಜನ ಮತ್ತು ಸಾಮಾನು ಸೇರಿ ಇಂತಿಷ್ಟು ಪೌಂಡ್ ಮೀರಬಾರದು ಎಂದು ಬರೆದಿರುತ್ತದೆ. ಅದು 850 ಎಂದಿಟ್ಟುಕೊಳ್ಳಿ. ನಾಲ್ವರು ಕೂತರೆ ಸುಮಾರು 600, ಡಿಕ್ಕಿಯಲ್ಲಿ ಡೇರೆ, ಅಡುಗೆ ಪಾತ್ರೆ, ತಂಪು ಪೆಟ್ಟಿಗೆ ಸೇರಿ 100. ಹಿಚ್ಚಿನ ಕಬ್ಬಿಣವೇ 40. ಉಳಿದದ್ದು 110. ಅಂದರೆ ಕೈಪಿಡಿ ಕೊಟ್ಟ 150ರ ಮೂಕಿ ಭಾರವನ್ನೂ ಪೂರ್ತಿ ಬಳಸಿಕೊಳ್ಳುವಂತಿಲ್ಲ. ಈ ಲೆಕ್ಕವನ್ನು ಅಂಗಡಿಯಲ್ಲಿ ಯಾರೂ ಮಾಡಿಕೊಡುವುದಿಲ್ಲ.

ಒಂದೂಕಾಲು ಇಂಚೋ, ಎರಡು ಇಂಚೋ

ಹಿಚ್ಚಿನ ಬಾಯಿ ಚೌಕಾಕಾರದ ಕೊಳವೆ, ಅದನ್ನು ರಿಸೀವರ್ ಎನ್ನುತ್ತಾರೆ. ಸಣ್ಣ ಗಾಡಿಗಳಿಗೆ ಒಂದೂಕಾಲು ಇಂಚಿನದು, ಎರಡು ಇಂಚಿನದು ಎಂಬ ಎರಡು ಅಳತೆಗಳು ಸಿಗುತ್ತವೆ. ತರಗತಿಗಳ ಲೆಕ್ಕದಲ್ಲಿ, ಒಂದನೆಯ ತರಗತಿ 2,000 ಪೌಂಡ್ ಟ್ರೇಲರ್, 200 ಮೂಕಿ ಭಾರದವರೆಗೆ. ಎರಡನೆಯದು 3,500 ಮತ್ತು 350. ಇವೆರಡಕ್ಕೂ ಸಾಮಾನ್ಯವಾಗಿ ಒಂದೂಕಾಲು ಇಂಚಿನ ಬಾಯಿ. ಮೂರನೆಯ ತರಗತಿಯಿಂದ ಎರಡು ಇಂಚು ಶುರು.

ಕಾರಿನ ಮಿತಿ 1,500 ಇರುವಾಗ ಒಂದನೆಯ ತರಗತಿಯ ಹಿಚ್ ಸಾಕಲ್ಲವೇ ಎಂದು ಕೇಳಬಹುದು. ಕಬ್ಬಿಣದ ಬಲದ ಮಟ್ಟಿಗೆ ಸಾಕು. ಆದರೂ ನನ್ನ ಮತ ಎರಡು ಇಂಚಿಗೇ. ಕಾರಣ ಮಾರುಕಟ್ಟೆ. ಗಟ್ಟಿಯಾದ ಸೈಕಲ್ ರ‍್ಯಾಕ್, ಬ್ಯಾಟರಿ ಸೈಕಲ್ಲಿಗಾಗಿಯೇ ಮಾಡಿದ ರ‍್ಯಾಕ್, ಸಾಮಾನಿನ ಬುಟ್ಟಿ, ಗಾಲಿಕುರ್ಚಿ ಹೊರುವ ಚೌಕಟ್ಟು ಇವೆಲ್ಲದರ ಆಯ್ಕೆ ಎರಡು ಇಂಚಿನಲ್ಲಿ ಬೇಕಾದಷ್ಟಿದೆ, ಒಂದೂಕಾಲಿನಲ್ಲಿ ಬೆರಳೆಣಿಕೆ. ಹಳೆಯದನ್ನು ಕೊಳ್ಳಲು ಹೋದರೂ ಎರಡು ಇಂಚಿನವೇ ಸಿಗುತ್ತವೆ. ಕಾರು ಬದಲಾದಾಗ ರ‍್ಯಾಕ್ ಜೊತೆಗೆ ಬರುತ್ತದೆ. ದಪ್ಪ ಕೊಳವೆಯಲ್ಲಿ ರ‍್ಯಾಕಿನ ಅಲುಗಾಟವೂ ಕಡಿಮೆ.

ಒಂದೂಕಾಲು ಇಂಚಿನ ಬಾಯಿಗೆ ಎರಡು ಇಂಚಿನ ಅಡಾಪ್ಟರ್ ತೂರಿಸಬಹುದಲ್ಲ ಎನ್ನುವವರಿದ್ದಾರೆ. ತೂರಿಸಬಹುದು. ಆದರೆ ಅದು ರ‍್ಯಾಕನ್ನು ಇನ್ನೂ ಕೆಲವು ಇಂಚು ಹಿಂದಕ್ಕೆ ತಳ್ಳುತ್ತದೆ, ಸನ್ನೆಕೋಲು ಉದ್ದವಾದಷ್ಟೂ ಹಿಚ್ಚಿನ ಮೇಲಿನ ತಿರುಚು ಹೆಚ್ಚು, ಹೊರುವ ತೂಕ ಅಷ್ಟೇ ಇಳಿಯಬೇಕು. ಮೊದಲೇ ಚಿಕ್ಕದನ್ನು ಹಾಕಿಸಿಕೊಂಡವರಿಗೆ ಅದು ಸಮಾಧಾನ, ಹೊಸದಾಗಿ ಹಾಕಿಸುವವರಿಗೆ ದಾರಿಯಲ್ಲ.

ಚಿಕ್ಕದರ ಪರವಾಗಿ ಒಂದು ಮಾತು ಹೇಳಬೇಕು. ನಿಮ್ಮ ಕಾರಿನ ತಳ ನೆಲಕ್ಕೆ ಹತ್ತಿರವಿದ್ದು, ಮನೆಯ ಮುಂದಿನ ಇಳಿಜಾರಿನಲ್ಲಿ ಈಗಲೇ ತಾಗುತ್ತಿದ್ದರೆ, ಎರಡು ಇಂಚಿನ ಕೊಳವೆ ಇನ್ನಷ್ಟು ತಾಗುತ್ತದೆ. ಒಂದೇ ಒಂದು ಹಗುರ ಸೈಕಲ್ ಹೊರುವವರಿಗೂ ಚಿಕ್ಕದು ಸಾಕು.

ಕಂಪನಿಯದು, ಹೊರಗಿನದು, ಅಡಗಿದ್ದು

ಕಾರು ಕಂಪನಿಯೇ ಮಾರುವ ಹಿಚ್ ಗಾಡಿಯ ಜೊತೆಗೇ ಹುಟ್ಟಿದಂತೆ ಕೂರುತ್ತದೆ. ಬಂಪರಿನ ಪ್ಲಾಸ್ಟಿಕ್ಕಿಗೆ ಸರಿಯಾಗಿ ಕತ್ತರಿಸಿದ ಮುಚ್ಚಳ, ಗಾಡಿಯ ಬಣ್ಣಕ್ಕೆ ಹೊಂದುವ ಅಂಚು, ವೈರಿಂಗಿಗೆ ಸಿದ್ಧ ಪ್ಲಗ್ಗು. ಬೆಲೆಯೂ ಹಾಗೆಯೇ. ನಾನು ಡೀಲರ್‌ಗಳಲ್ಲಿ ವಿಚಾರಿಸಿದಾಗ ಕೂಲಿ ಸೇರಿ ಸಾವಿರ ಡಾಲರ್ ಆಸುಪಾಸಿನ ಉತ್ತರಗಳು ಬಂದವು. ಅಷ್ಟು ಕೊಟ್ಟರೂ ಬಾಯಿಯ ಅಳತೆ ನಿಮ್ಮ ಇಷ್ಟದ್ದಲ್ಲ: 2017–22ರ ಸಿಆರ್-ವಿಗೆ ಹೋಂಡಾ ಕೊಡುತ್ತಿದ್ದದ್ದು ಒಂದೂಕಾಲು ಇಂಚಿನದು.

ಹೊರಗಿನ ಕಂಪನಿಗಳಲ್ಲಿ ಕರ್ಟ್, ಡ್ರಾ-ಟೈಟ್, ರೀಸ್ ಹೆಸರುಗಳು ಎಲ್ಲೆಡೆ ಕೇಳಿಬರುತ್ತವೆ. ಸಣ್ಣ ಎಸ್‌ಯುವಿಗೆ ಇನ್ನೂರು, ಮುನ್ನೂರು ಡಾಲರ್ ಒಳಗೆ ಎರಡು ಇಂಚಿನ ಹಿಚ್ ಸಿಗುತ್ತದೆ. ಇವು ಸಾಮಾನ್ಯವಾಗಿ ಗಾಡಿಯ ತಳದ ಚೌಕಟ್ಟಿನಲ್ಲಿ ಮೊದಲೇ ಇರುವ ತೂತುಗಳಿಗೆ ಬೋಲ್ಟ್ ಆಗುತ್ತವೆ. ಕೊರೆಯುವ ಕೆಲಸ ಅಪರೂಪ. ನೋಟ ಮಾತ್ರ ಅಷ್ಟಕ್ಕಷ್ಟೆ. ಬಂಪರಿನ ಕೆಳಗೆ ಅಡ್ಡ ಕೊಳವೆ ಎದ್ದು ಕಾಣುತ್ತದೆ. ಹಿಂದಿನಿಂದ ಯಾರಾದರೂ ಮೆಲ್ಲಗೆ ಗುದ್ದಿದರೆ ಅವರ ಗಾಡಿಯ ಮುಖಕ್ಕೆ ಪೆಟ್ಟು, ನಿಮಗೆ ಏನೂ ಆಗಿಲ್ಲ ಎನ್ನಿಸುತ್ತದೆ. ಅದು ಪೂರ್ತಿ ನಿಜವಲ್ಲ. ಬಂಪರ್ ನುಂಗಬೇಕಾದ ಹೊಡೆತವನ್ನು ಹಿಚ್ ನೇರವಾಗಿ ಚೌಕಟ್ಟಿಗೆ ದಾಟಿಸಿರಬಹುದು. ಗುದ್ದಿಸಿಕೊಂಡ ಹಿಚ್ಚನ್ನು ಪರೀಕ್ಷಿಸದೆ ಮತ್ತೆ ಬಳಸಬಾರದು.

ಮೂರನೆಯ ಬಗೆ, ಬಂಪರಿನ ಒಳಗೆ ಅಡಗುವಂಥದು. ಟಾರ್ಕ್‌ಲಿಫ್ಟ್‌ನವರ ಇಕೋಹಿಚ್ ಈ ಬಗೆಯಲ್ಲಿ ಹೆಸರಾದದ್ದು. ಚೌಕದ ಬಾಯಿಯೊಂದನ್ನು ಬಿಟ್ಟರೆ ಏನೂ ಕಾಣುವುದಿಲ್ಲ, ನೆಲದಿಂದ ಎತ್ತರವೂ ಉಳಿಯುತ್ತದೆ. ಸುಬಾರು ಇಟ್ಟುಕೊಂಡವರು ಇದನ್ನು ಮೆಚ್ಚುತ್ತಾರೆ, ಏಕೆಂದರೆ ಕಾಡಿನ ದಾರಿಯಲ್ಲಿ ನೇತಾಡುವ ಕೊಳವೆ ಕಲ್ಲಿಗೆ ತಗಲುತ್ತದೆ. ಆದರೆ ಇದನ್ನು ಕೂರಿಸಲು ಹಿಂದಿನ ಬಂಪರ್ ಪೂರ್ತಿ ಬಿಚ್ಚಬೇಕು. ಕೆಲವು ಗಾಡಿಗಳಲ್ಲಿ ಬಂಪರಿನ ಒಳಗಿನ ಕಬ್ಬಿಣದ ಪಟ್ಟಿಯನ್ನೇ ತೆಗೆದು ಅದರ ಜಾಗದಲ್ಲಿ ಹಿಚ್ ಕೂರುತ್ತದೆ. ಬೆಲೆ ಹೊರಗಿನ ಸಾದಾ ಹಿಚ್ಚಿನ ಎರಡರಷ್ಟು, ಕೂಲಿಯೂ ಹೆಚ್ಚು. ನನಗೆ ಅಂದಕ್ಕಾಗಿ ಅಷ್ಟು ಕೊಡುವ ಮನಸ್ಸಾಗಲಿಲ್ಲ. ಕಾಡು ಸುತ್ತುವವರಿಗೆ, ಹೊಸ ಗಾಡಿಯ ಅಂದ ಕೆಡಬಾರದು ಎನ್ನುವವರಿಗೆ ಇದೇ ಸರಿ.

ಹೊರಗಿನ ಹಿಚ್ ಹಾಕಿದರೆ ವಾರಂಟಿ ಹೋಗುತ್ತದೆ ಎಂದು ಡೀಲರ್ ಹೆದರಿಸಿದರೆ, 1975ರ ಮ್ಯಾಗ್ನಸನ್-ಮಾಸ್ ಕಾಯಿದೆಯನ್ನು ನೆನಪಿಸಿ. ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ವಾರಂಟಿ ರದ್ದಾಗುವುದಿಲ್ಲ; ಆ ಭಾಗದಿಂದಲೇ ಕೆಟ್ಟಿತು ಎಂದು ಅವರು ತೋರಿಸಬೇಕು. ಆದರೆ 1,500ರ ಗಾಡಿಯಲ್ಲಿ 3,000 ಎಳೆದು ಗೇರ್ ಪೆಟ್ಟಿಗೆ ಸುಟ್ಟುಕೊಂಡರೆ ತೋರಿಸುವುದು ಅವರಿಗೆ ಕಷ್ಟವೇನಲ್ಲ. ಸಣ್ಣ ಎಸ್‌ಯುವಿಗಳ ಸಿವಿಟಿ, ಅಂದರೆ ಬೆಲ್ಟಿನಿಂದ ನಡೆಯುವ ಗೇರ್ ಪೆಟ್ಟಿಗೆ, ಬಿಸಿಯನ್ನು ಸಹಿಸುವುದಿಲ್ಲ. ಎಳೆಯುವ ಅಭ್ಯಾಸವಿದ್ದರೆ ಅದರ ಎಣ್ಣೆಯನ್ನು ಕೈಪಿಡಿಯ ಕಠಿಣ ಬಳಕೆಯ ಪಟ್ಟಿಯಂತೆ ಬೇಗ ಬದಲಿಸಬೇಕು.

ದೀಪದ ತಂತಿ

ಸೈಕಲ್ ಮಾತ್ರ ಎಂದಾದರೆ ಈ ಭಾಗ ಬಿಟ್ಟು ಮುಂದೆ ಹೋಗಿ, ತಂತಿ ಬೇಡ. ಟ್ರೇಲರ್ ಎಳೆಯುವವರಿಗೆ ಕನಿಷ್ಠ ನಾಲ್ಕು ತಂತಿಯ ಚಪ್ಪಟೆ ಪ್ಲಗ್ಗು ಬೇಕು. ಬಿಳಿ ಅರ್ತ್ ತಂತಿ, ಕಂದು ಹಿಂದೀಪ, ಹಳದಿ ಎಡ, ಹಸಿರು ಬಲ. ಬ್ರೇಕ್ ಇರುವ ಟ್ರೇಲರಿಗೆ ಏಳು ಕಾಲಿನ ದುಂಡು ಪ್ಲಗ್ಗು, ಆದರೆ 1,500ರ ಗಾಡಿಯವರು ಅಲ್ಲಿಯವರೆಗೆ ಹೋಗುವುದು ಕಡಿಮೆ.

ಇಲ್ಲಿ ಒಂದು ಸಿಕ್ಕು. ಅಮೆರಿಕದ ಟ್ರೇಲರಿನಲ್ಲಿ ಬ್ರೇಕಿಗೂ ತಿರುವಿಗೂ ಒಂದೇ ಕೆಂಪು ಬಲ್ಬು. ಜಪಾನಿ, ಕೊರಿಯನ್ ಗಾಡಿಗಳಲ್ಲಿ ತಿರುವಿಗೆ ಬೇರೆಯೇ ಕಿತ್ತಳೆ ದೀಪ ಇರುವುದು ಸಾಮಾನ್ಯ. ಎರಡು ಸಂಕೇತಗಳನ್ನು ಒಂದಾಗಿಸಲು ನಡುವೆ ಕನ್ವರ್ಟರ್ ಎಂಬ ಪುಟ್ಟ ಪೆಟ್ಟಿಗೆ ಬೇಕು. ಒಳ್ಳೆಯ ಕನ್ವರ್ಟರ್ ತನಗೆ ಬೇಕಾದ ಕರೆಂಟನ್ನು ಫ್ಯೂಸ್ ಇರುವ ಪ್ರತ್ಯೇಕ ತಂತಿಯ ಮೂಲಕ ನೇರ ಬ್ಯಾಟರಿಯಿಂದ ತೆಗೆದುಕೊಳ್ಳುತ್ತದೆ. ಆ ತಂತಿಯನ್ನು ಮುಂದಿನ ಬಾನೆಟ್ಟಿನಿಂದ ಹಿಂದಿನ ಡಿಕ್ಕಿಯವರೆಗೆ ಎಳೆಯುವ ಬೇಸರಕ್ಕೆ ಕೆಲವರು ಅದನ್ನು ಬಿಟ್ಟು, ಕಾರಿನ ದೀಪದ ತಂತಿಯನ್ನೇ ಸುಲಿದು ಕ್ಲಿಪ್ಪು ಒತ್ತಿಬಿಡುತ್ತಾರೆ. ಈಗಿನ ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಹೆಚ್ಚುವರಿ ಬಲ್ಬುಗಳ ಹೊರೆ ಅದಕ್ಕೆ ತಗಲಿದರೆ ಸುಡುವುದು ಐದು ಡಾಲರಿನ ಫ್ಯೂಸ್ ಅಲ್ಲ. ನಿಮ್ಮ ಮಾದರಿಗೇ ಮಾಡಿದ, ಕಾರಿನ ಪ್ಲಗ್ಗುಗಳ ನಡುವೆ ಕೂರುವ ಸೆಟ್ಟನ್ನೇ ಕೊಳ್ಳಿ. ಈ ಒಂದು ಕಡೆ ಜಿಪುಣತನ ಬೇಡ.

ನೀವೇ ಹಾಕುವಿರೋ, ಹಾಕಿಸುವಿರೋ

ಯು-ಹಾಲ್‌ನಂಥ ಬಾಡಿಗೆ ಕೇಂದ್ರಗಳಲ್ಲಿ ಹಿಚ್ ಮಾರಾಟ, ಜೋಡಣೆ ಎರಡೂ ಇದೆ. ಹಿಚ್ ಕೆಲಸವನ್ನೇ ಮಾಡುವ ಸ್ವತಂತ್ರ ಗ್ಯಾರೇಜುಗಳಿವೆ. ಡೀಲರ್ ಇದ್ದೇ ಇದ್ದಾರೆ. ಹೊರಗೆ ಕೂಲಿ ನೂರೈವತ್ತರಿಂದ ಇನ್ನೂರೈವತ್ತು ಡಾಲರ್ ಎಂದು ನನಗೆ ಹೇಳಿದರು. ತಂತಿಯ ಕೆಲಸ ಬೇರೆ. ಒಂದು ಪುಟ್ಟ ಗ್ಯಾರೇಜಿನಲ್ಲಿ "ಬೋಲ್ಟನ್ನು ಎಷ್ಟಕ್ಕೆ ಬಿಗಿಯುತ್ತೀರಿ" ಎಂದು ಕೇಳಿದ್ದಕ್ಕೆ ಅಲ್ಲಿನವನು "ಕೈಗೆ ಸಾಕೆನ್ನಿಸುವಷ್ಟು" ಎಂದ. ನಾನು ಧನ್ಯವಾದ ಹೇಳಿ ಬಂದುಬಿಟ್ಟೆ. ಗಾಡಿ ಕೊಡುವ ಮುನ್ನ ನೀವೂ ಕೇಳಿ: ಬೋಲ್ಟನ್ನು ಅಳತೆಯ ಬಲಕ್ಕೆ ಬಿಗಿಯುವ ಟಾರ್ಕ್ ವ್ರೆಂಚ್ ಬಳಸುತ್ತೀರಾ, ಬಂಪರಿನ ಪ್ಲಾಸ್ಟಿಕ್ ಕತ್ತರಿಸಬೇಕಾಗುತ್ತದೆಯೇ, ಕತ್ತರಿಸಿದ ಜಾಗ ಹೊರಗೆ ಕಾಣುತ್ತದೆಯೇ.

ಕೊನೆಗೆ ನಾನೇ ಹಾಕಿದೆ. ಸೈಲೆನ್ಸರ್, ಸ್ಪ್ಯಾನರ್ ಎಂದರೆ ಭಯವಿಲ್ಲದವರಿಗೆ ಅರ್ಧ ದಿನದ ಕೆಲಸ. ಕಾರಿನ ಕೆಳಗೆ ಒಮ್ಮೆಯೂ ನುಸುಳದವರು ಇದರಿಂದ ಶುರುಮಾಡಬೇಡಿ.

ಹಿಚ್ಚಿನ ಪೆಟ್ಟಿಗೆ ಬಂದ ದಿನವೇ ಬಿಚ್ಚಿ ಬೋಲ್ಟು, ವಾಷರ್, ಚೌಕದ ತಗಡುಗಳನ್ನು ಸೂಚನಾ ಹಾಳೆಯೊಂದಿಗೆ ಎಣಿಸಿ ನೋಡಿ. ಗಾಡಿಯ ಹಿಂಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಮುಂದಿನ ಚಕ್ರಗಳಿಗೆ ಅಡ್ಡೆ ಕೊಡಿ. ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಒಂದು ಕ್ಷಣವೂ ತಲೆ ಹಾಕಬಾರದು. ಹೈಬ್ರಿಡ್ ಗಾಡಿಯಾದರೆ ತಳದಲ್ಲಿ ಕಿತ್ತಳೆ ಬಣ್ಣದ ದಪ್ಪ ತಂತಿ ಕಂಡರೆ ಅದರ ಹತ್ತಿರ ಕೈಯೂ ಬೇಡ, ಉಪಕರಣವೂ ಬೇಡ.

ಅನೇಕ ಗಾಡಿಗಳಲ್ಲಿ ಹಿಚ್ ಒಳನುಗ್ಗಲು ಸೈಲೆನ್ಸರ್ ಅಡ್ಡ. ಅದು ತಣ್ಣಗಾದ ಮೇಲೆ, ಅದನ್ನು ತೂಗುಹಾಕಿರುವ ರಬ್ಬರ್ ಬಳೆಗಳಿಗೆ ಸೋಪಿನ ನೀರು ಸವರಿ ಜಾರಿಸಿದರೆ ಬಿಡುತ್ತವೆ. ಬಿಡುವ ಮೊದಲು ಕೆಳಗೆ ಮರದ ದಿಮ್ಮಿ ಇಟ್ಟಿರಬೇಕು. ಸೈಲೆನ್ಸರ್ ಜೋತಾಡಿದರೆ ಮುಂದಿನ ಕೊಳವೆ ಬಾಗುತ್ತದೆ. ಚೌಕಟ್ಟಿನ ತೂತುಗಳಿಗೆ ರಬ್ಬರ್ ಬಿರಡೆ ಇದ್ದರೆ ಕೀಳಿ. ಮಿಶಿಗನ್‌ನಂತೆ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುವ ಕಡೆ, ಚೌಕಟ್ಟಿಗೆ ಬೆಸೆದ ನಟ್ಟುಗಳೊಳಗೆ ತುಕ್ಕು ಕೂತಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ತಂತಿ ಬ್ರಷ್ಷಿನಿಂದ ಎಳೆಗಳನ್ನು ತಿಕ್ಕಿ. ತುಕ್ಕಿನ ನಟ್ಟಿಗೆ ಬೋಲ್ಟನ್ನು ಬಲವಂತವಾಗಿ ತಿರುಗಿಸಿದರೆ ನಟ್ಟು ಚೌಕಟ್ಟಿನಿಂದ ಕಿತ್ತು ಒಳಗೆ ಸುತ್ತತೊಡಗುತ್ತದೆ. ಆಮೇಲೆ ಚೌಕಟ್ಟನ್ನು ಕತ್ತರಿಸುವವರನ್ನು ಹುಡುಕಬೇಕು.

ಬೆಸೆದ ನಟ್ಟು ಇಲ್ಲದ ಕಡೆ ಬೋಲ್ಟನ್ನು ಚೌಕಟ್ಟಿನ ಒಳಗಿನಿಂದ ಹೊರಕ್ಕೆ ತರಬೇಕು. ಅದಕ್ಕೆಂದೇ ಪೆಟ್ಟಿಗೆಯಲ್ಲಿ ಸುರುಳಿ ತುದಿಯ ತಂತಿ ಇರುತ್ತದೆ. ಕೆಳಗಿನ ತೂತಿನಿಂದ ತಂತಿಯನ್ನು ಒಳಬಿಟ್ಟು ದೊಡ್ಡ ತೂತಿನಿಂದ ಹೊರಗೆಳೆದು, ಮೊದಲು ಚೌಕದ ತಗಡು ಪೋಣಿಸಿ, ಆಮೇಲೆ ಬೋಲ್ಟನ್ನು ಸುರುಳಿಗೆ ತಿರುಗಿಸಿ, ಮೀನು ಎಳೆಯುವಂತೆ ಮೆಲ್ಲಗೆ ಹಿಂದಕ್ಕೆ ಎಳೆಯಬೇಕು. ನಾನು ಅವಸರದಲ್ಲಿ ಎಳೆದೆ. ತಂತಿ ಬಂತು, ಬೋಲ್ಟ್ ಬರಲಿಲ್ಲ. ಚೌಕಟ್ಟಿನ ಹೊಟ್ಟೆಯೊಳಗೆ ಅದು ಟಣ್ ಎಂದು ಬಿದ್ದ ಸದ್ದು ಈಗಲೂ ನೆನಪಿದೆ. ಉದ್ದ ಕಡ್ಡಿಯ ಅಯಸ್ಕಾಂತದಿಂದ ಅದನ್ನು ಹೊರತೆಗೆಯಲು ಒಂದೂವರೆ ತಾಸು ಹಿಡಿಯಿತು. ತೆಗೆಯದೆ ಬಿಟ್ಟಿದ್ದರೆ ಕಾರು ಮಾರುವ ದಿನದವರೆಗೂ ಪ್ರತಿ ತಿರುವಿನಲ್ಲಿ ಗಜ್ಜೆ ಕಟ್ಟಿಕೊಂಡಂತೆ ಸದ್ದು ಮಾಡುತ್ತಿತ್ತು. ಆ ಅಯಸ್ಕಾಂತವನ್ನು ಮೊದಲೇ ಕೊಂಡಿಟ್ಟುಕೊಳ್ಳಿ.

ಹಿಚ್ಚನ್ನು ಎತ್ತಿ ಹಿಡಿಯಲು ಇನ್ನೊಬ್ಬರು ಬೇಕೇಬೇಕು. ನಲವತ್ತು ಪೌಂಡನ್ನು ಮಲಗಿಕೊಂಡು ಎರಡು ಕೈಯಲ್ಲಿ ಎತ್ತಿ, ಮೂರನೆಯ ಕೈಯಲ್ಲಿ ಬೋಲ್ಟ್ ಹಾಕಲು ಯಾರಿಗೂ ಸಾಧ್ಯವಿಲ್ಲ. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಲ್ಲೇ ನಾಲ್ಕಾರು ಸುತ್ತು ಹಾಕಿ. ಒಂದನ್ನು ಪೂರ್ತಿ ಬಿಗಿದರೆ ಉಳಿದವು ತೂತಿಗೆ ಸೇರುವುದಿಲ್ಲ. ಕೊನೆಯಲ್ಲಿ ಸೂಚನಾ ಹಾಳೆಯಲ್ಲಿ ಕೊಟ್ಟ ಅಂಕೆಗೆ ಟಾರ್ಕ್ ವ್ರೆಂಚಿನಿಂದ ಒಂದೊಂದನ್ನೇ ಬಿಗಿಯಿರಿ, ಗಾಳಿಯ ಗನ್ನಿನಿಂದಲ್ಲ. ನೂರು ಮೈಲಿ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದಾಗ ನನ್ನ ಆರು ಬೋಲ್ಟುಗಳಲ್ಲಿ ಒಂದು ಕಾಲು ಸುತ್ತು ತಿರುಗಿತು. ಬಂಪರಿನ ಪ್ಲಾಸ್ಟಿಕ್ ಕತ್ತರಿಸಬೇಕಾಗಿ ಬಂದರೆ, ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಎಳೆದು, ಒಂದು ಕಾಫಿ ಕುಡಿದು ಬಂದು ಇನ್ನೊಮ್ಮೆ ಅಳೆಯಿರಿ.

ಹಾಕಿದ ಮೇಲೆ ಕಾಡುವ ಸಣ್ಣ ಸಂಗತಿಗಳು

ಹಿಚ್ ಖಾಲಿ ಇದ್ದಾಗ ಹಿಂದಿನ ಸೆನ್ಸರುಗಳು ಸುಮ್ಮನಿರುತ್ತವೆ. ರ‍್ಯಾಕ್ ತೂರಿಸಿದ ಕೂಡಲೇ ರಿವರ್ಸ್ ಹಾಕಿದರೆ ಕಾರು ಕಿರುಚುತ್ತದೆ, ಸ್ವಯಂ ಬ್ರೇಕ್ ಇದ್ದರೆ ಗಕ್ಕನೆ ನಿಲ್ಲುತ್ತದೆ. ಅದನ್ನು ಆಫ್ ಮಾಡುವ ಬಟನ್ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ, ಮನೆಗೆ ಬಂದು ರ‍್ಯಾಕ್ ಕಳಚಿದ ಮೇಲೆ ಮತ್ತೆ ಆನ್ ಮಾಡಲು ಮರೆಯಬೇಡಿ. ಕಾಲು ಬೀಸಿದರೆ ಡಿಕ್ಕಿ ತೆರೆಯುವ ಗಾಡಿಗಳಲ್ಲಿ ಆ ಸೆನ್ಸರ್ ಬಂಪರಿನ ಕೆಳಗೇ ಇರುವುದರಿಂದ, ಹಿಚ್ ಕೊಳ್ಳುವ ಮೊದಲೇ ಅದಕ್ಕೆ ಅಡ್ಡಿಯಾಗುತ್ತದೆಯೇ ಎಂದು ಕೇಳಿ. ಸೈಕಲ್ಲುಗಳು ನಂಬರ್ ಪ್ಲೇಟ್ ಮುಚ್ಚಿದರೆ ಒಂದೊಂದು ರಾಜ್ಯದಲ್ಲಿ ಒಂದೊಂದು ಕಾನೂನು.

ಬಾಯಿಗೆ ರಬ್ಬರ್ ಮುಚ್ಚಳ ಹಾಕಿಡಿ, ಇಲ್ಲವಾದರೆ ಉಪ್ಪು ನೀರು ಒಳಗೇ ನಿಂತು ಬರುವ ವರ್ಷ ರ‍್ಯಾಕ್ ತೂರುವುದಿಲ್ಲ. ರ‍್ಯಾಕ್ ಬಿಟ್ಟುಹೋಗದಂತೆ ತಡೆಯುವ ಪಿನ್ನು ಒಂದೂಕಾಲು ಇಂಚಿಗೆ ಅರ್ಧ ಇಂಚಿನದು, ಎರಡು ಇಂಚಿಗೆ ಐದು ಎಂಟಾಂಶ ಇಂಚಿನದು. ಅದಲುಬದಲು ಹಾಕಿದರೆ ಚಿಕ್ಕದು ದೊಡ್ಡ ತೂತಿನಲ್ಲಿ ಸಡಿಲವಾಗಿ ಆಡುತ್ತದೆ. ಗುಂಡಿನಲ್ಲೂ ಬೇರೆ ಬೇರೆ ವ್ಯಾಸಗಳಿವೆ. ಒಂದೂ ಏಳೆಂಟಾಂಶ ಇಂಚಿನ ಗುಂಡಿನ ಮೇಲೆ ಎರಡು ಇಂಚಿನ ಮೂತಿ ಸಲೀಸಾಗಿ ಕೂರುತ್ತದೆ, ಮೊದಲ ದೊಡ್ಡ ಹಳ್ಳಕ್ಕೆ ಅಷ್ಟೇ ಸಲೀಸಾಗಿ ಎದ್ದುಹೋಗುತ್ತದೆ. ಟ್ರೇಲರಿನ ಸುರಕ್ಷತಾ ಸರಪಳಿಗಳನ್ನು ಮೂತಿಯ ಕೆಳಗೆ ಅಡ್ಡಡ್ಡ ದಾಟಿಸಿ ಕಟ್ಟುವುದು ಇಂಥ ಹೊತ್ತಿಗೇ: ಕಳಚಿದ ಮೂತಿ ರಸ್ತೆಗೆ ಇರಿಯುವ ಬದಲು ಸರಪಳಿಯ ತೊಟ್ಟಿಲಿಗೆ ಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಟ್ರೇಲರ್ ಕಟ್ಟಿದ ಗಾಡಿಯ ವೇಗಮಿತಿ 55 ಮೈಲಿ. ಬೇರೆ ಕಡೆಯೂ ನಾನು ಅದನ್ನೇ ಪಾಲಿಸುತ್ತೇನೆ.

ಇಷ್ಟೆಲ್ಲ ಹೇಳಿ, ಹಿಚ್ ಬೇಡವೇ ಬೇಡ ಎನ್ನುವವರ ಸಂಗತಿ ಬಿಟ್ಟರೆ ಅನ್ಯಾಯ. ವರ್ಷಕ್ಕೆ ಎರಡು ಸಲ ಸೈಕಲ್ ಒಯ್ಯುವವರಿಗೆ ಡಿಕ್ಕಿಯ ಬಾಗಿಲಿಗೆ ಪಟ್ಟಿ ಬಿಗಿಯುವ ರ‍್ಯಾಕ್ ಸಾಕು, ಬಣ್ಣಕ್ಕೆ ಸ್ವಲ್ಪ ಗೀರು ಬಿದ್ದೀತು. ಛಾವಣಿಯ ರ‍್ಯಾಕ್ ಗ್ಯಾರೇಜಿನ ಬಾಗಿಲನ್ನು ಮರೆತ ದಿನ ಸೈಕಲ್ಲನ್ನೂ ಬಾಗಿಲನ್ನೂ ಒಟ್ಟಿಗೆ ತೆಗೆದುಕೊಂಡು ಹೋಗುತ್ತದೆ. ಎತ್ತರದ ಎಸ್‌ಯುವಿಯ ತಲೆಯ ಮೇಲೆ ಬ್ಯಾಟರಿ ಸೈಕಲ್ ಎತ್ತಿಡುವ ತೋಳು ನನಗಂತೂ ಇಲ್ಲ. ಹಗುರ ಸಾಮಾನಿನ ಪೆಟ್ಟಿಗೆಗೆ ಮಾತ್ರ ಛಾವಣಿಯೇ ಒಳ್ಳೆಯದು.

ನಮ್ಮ ಗೆಳೆಯರ ಕತೆಗೆ ಬಂದರೆ, ಬಾಡಿಗೆಯ ನಾಲ್ಕು-ಎಂಟು ಅಡಿಯ ಮುಚ್ಚಿದ ಟ್ರೇಲರ್ ಖಾಲಿ ಇದ್ದಾಗಲೇ ಸುಮಾರು 850 ಪೌಂಡ್ ತೂಗುತ್ತದೆ ಎಂದು ತಿಳಿಯಿತು. ಅವರ ಕಾರಿಗೆ ಉಳಿಯುತ್ತಿದ್ದದ್ದು 650. ಪುಸ್ತಕದ ಪೆಟ್ಟಿಗೆಗೆ ನಲವತ್ತು ಪೌಂಡ್ ಹಿಡಿದರೂ ಹದಿನಾರು ಪೆಟ್ಟಿಗೆ, ಮಂಚ ಮೇಜು ಮನೆಯಲ್ಲೇ. ಅದೂ ಕಾರಿನಲ್ಲಿ ಇಬ್ಬರೇ ಕೂತರೆ. ಅವರ ಮನೆಯಲ್ಲಿ ಅಜ್ಜಿಯೂ ಸೇರಿ ಐದು ಜನ ಹೊರಟು ನಿಂತಿದ್ದರು. ಕೊನೆಗೆ ಒಂದು ದಿನದ ಮಟ್ಟಿಗೆ ಪುಟ್ಟ ಟ್ರಕ್ಕನ್ನೇ ಬಾಡಿಗೆಗೆ ತಂದರು, ಅಜ್ಜಿ ಸಿಆರ್-ವಿಯಲ್ಲಿ ಹಿಂದೆ ಬಂದರು. ಹಿಚ್ಚಿಗೆ ಈಗ ಎರಡು ಸೈಕಲ್ಲಿನ ರ‍್ಯಾಕ್ ಬಂದಿದೆ. ಐದು ಸಾವಿರದ ಚೀಟಿ ಎರಡು ಚಳಿಗಾಲದ ಉಪ್ಪಿಗೆ ಮಾಸಿ, ಮುಂದಿನ 5 ಮಾತ್ರ ಉಳಿದಿದೆ.